ಒತ್ತಕ್ಷರ ದಾಟಿ ಬಂದ ಐನೂರು ಕೀಚೈನ್

ಕಾಸರಗೋಡಿನ ಬದಿಯಡ್ಕ ಪೇಟೆಯಲ್ಲಿ ನನ್ನದೊಂದು ಚಿಕ್ಕ ಪ್ರಿಂಟಿಂಗ್ ಅಂಗಡಿ. ಮದುವೆ ಕಾಗದ, ಬ್ರಹ್ಮಕಲಶದ ನೋಟೀಸು, ರಸೀದಿ ಪುಸ್ತಕ, ಇಂಥದ್ದೇ ಕೆಲಸ. 2024ರ ನವೆಂಬರಿನಲ್ಲಿ ಹತ್ತಿರದ ಎ.ಯು.ಪಿ. (ಅನುದಾನಿತ ಹಿರಿಯ ಪ್ರಾಥಮಿಕ) ಶಾಲೆಯ ಹೆಡ್ಮಾಷ್ಟ್ರು ಬಂದರು. "ಫೆಬ್ರವರಿಯಲ್ಲಿ ಶತಮಾನೋತ್ಸವ ಉಂಟು. ಹಳೆ ವಿದ್ಯಾರ್ಥಿಗಳಿಗೆ ಕೊಡಲಿಕ್ಕೆ ಏನಾದರೂ ಆಗಬೇಕು. ಮೂಲೆಗೆ ಬೀಳುವಂಥದ್ದು ಬೇಡ ಮಾರಾಯ, ಕಿಸೆಯಲ್ಲಿ ಇರಬೇಕು" ಎಂದರು. ಕೀಚೈನ್ ಎಂದು ನಿಶ್ಚಯವಾಯಿತು. ಒಂದು ಮುಖದಲ್ಲಿ ಹಂಚಿನ ಮಾಡಿನ ಶಾಲೆ, ಅಂಗಳದ ಮಾವಿನ ಮರ. ಕೆಳಗೆ ಕನ್ನಡದಲ್ಲಿ ಹೆಸರು.

ಅಕ್ರಿಲಿಕ್ ಆಗಿದ್ದರೆ ಮಂಗಳೂರಿನಲ್ಲೇ ಮಾಡಿಸುತ್ತಿದ್ದೆ. ಮಾಷ್ಟ್ರಿಗೆ ಲೋಹವೇ ಬೇಕಿತ್ತು. ಹಾಗಾಗಿ ಚೀನಾದ ಝೊಂಗ್‌ಶಾನ್ ಕಡೆಯ ಒಂದು ಕಾರ್ಖಾನೆಯನ್ನು ಹಿಡಿದೆ. ಪದಕ, ಬ್ಯಾಡ್ಜ್, ಕೀಚೈನ್ ಮಾಡುವವರು ಆ ಊರಲ್ಲಿ ಬೇಕಾದಷ್ಟಿದ್ದಾರೆ. ಜಿಂಕ್ ಅಲಾಯ್ (ಸತುವಿನ ಮಿಶ್ರಲೋಹ) ಎರಕ, ಅದರ ತಗ್ಗುಗಳಲ್ಲಿ ಬಣ್ಣ ತುಂಬುವ ಸಾಫ್ಟ್ ಎನಾಮಲ್. ಒಂದಕ್ಕೆ 60 ಸೆಂಟ್, ಅಚ್ಚಿಗೆ ಬೇರೆ 70 ಡಾಲರ್.

ಮೊದಲ ಪ್ರೂಫ್ ಬಂದಾಗ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. "ಶತಮಾನೋ" ಸರಿ ಇತ್ತು. ಆಮೇಲೆ "ತ್" ಒಂದು ಕಡೆ, "ಸ" ಒಂದು ಕಡೆ, ಜಗಳವಾಡಿದವರ ಹಾಗೆ ಅಕ್ಕಪಕ್ಕ ನಿಂತಿದ್ದವು. ತಪ್ಪು ನನ್ನದೇ. ಫೈಲನ್ನು ಅಕ್ಷರವಾಗಿಯೇ ಕಳಿಸಿದ್ದೆ. ಅವರ ಕಂಪ್ಯೂಟರಿನಲ್ಲಿ ನನ್ನ ಫಾಂಟೂ ಇಲ್ಲ, ಕನ್ನಡ ಜೋಡಿಸುವ ವ್ಯವಸ್ಥೆಯೂ ಇಲ್ಲ. ಕೋರೆಲ್‌ನಲ್ಲಿ ಎಲ್ಲವನ್ನೂ ಕರ್ವ್ಸ್ ಮಾಡಿ, ಅಂದರೆ ಅಕ್ಷರಗಳನ್ನು ಬರೀ ಗೆರೆಗಳ ಚಿತ್ರವಾಗಿಸಿ, ಜೊತೆಗೆ ಒಂದು ಪಿಡಿಎಫ್ ಇಟ್ಟು, "ಒಂದು ಗೆರೆಯನ್ನೂ ಅಲ್ಲಾಡಿಸಬೇಡಿ, ಇದು ಚಿತ್ರ ಅಂತ ತಿಳಿಯಿರಿ" ಎಂದು ಮತ್ತೆ ಕಳಿಸಿದೆ. ಅಲ್ಲಿನ ಹುಡುಗನಿಗೆ ಕನ್ನಡ ಚಿತ್ರವೇ ತಾನೇ!

ಅಷ್ಟಾದರೂ ಮುಗಿಯಲಿಲ್ಲ. ಸ್ಯಾಂಪಲ್‌ನ ಫೋಟೋ ವಾಟ್ಸಾಪಿನಲ್ಲಿ ಬಂತು, ಚೆನ್ನಾಗಿಯೇ ಕಾಣುತ್ತಿತ್ತು. ಓಕೆ ಹೇಳಿಬಿಡೋಣ ಎಂದುಕೊಂಡವನು, ಕೊರಿಯರ್ ದುಡ್ಡು ಹೋದರೆ ಹೋಗಲಿ ಎಂದು ವಸ್ತುವನ್ನೇ ತರಿಸಿದೆ. ಬಿಸಿಲಿಗೆ ಹಿಡಿದು ನೋಡುತ್ತೇನೆ, "ತ್ಸ"ದ ಒತ್ತಿನ ಒಳಗಿನ ಸಂದಿಯಲ್ಲಿ ಬಣ್ಣ ತುಂಬಿ ಅಲ್ಲೊಂದು ಕಪ್ಪು ಚುಕ್ಕೆ. ಉಗುರಿನಿಂದ ಕೆರೆದರೂ ಹೋಗಲಿಲ್ಲ. ಲೋಹದ ಗೆರೆಯಾಗಲಿ, ಗೆರೆಗಳ ನಡುವಿನ ಸಂದಿಯಾಗಲಿ ಕಾಲು ಮಿಲಿಮೀಟರಿಗಿಂತ ಸಣ್ಣದಾದರೆ ಎನಾಮಲ್ ಅಚ್ಚುಕಟ್ಟಾಗಿ ಕೂರುವುದಿಲ್ಲ. ಇಂಗ್ಲಿಷ್ ಅಕ್ಷರಕ್ಕೆ ಸಾಕಾಗುವ ಅಳತೆ ನಮ್ಮ ಒತ್ತಕ್ಷರಕ್ಕೆ ಸಾಲದು. ಕೊನೆಗೆ ಎದುರಿಗೆ ಚಿತ್ರದ ಜೊತೆ ದೊಡ್ಡದಾಗಿ "100" ಮಾತ್ರ ಇಟ್ಟು, ಶಾಲೆಯ ಹೆಸರು ಮತ್ತು "ಶತಮಾನೋತ್ಸವ"ವನ್ನು ಹಿಂಬದಿಗೆ ಸಾಗಿಸಿ ಲೇಸರಿನಲ್ಲಿ ಕೆತ್ತಿಸಿದೆ. ಲೇಸರಿಗೆ ಬಣ್ಣ ತುಂಬುವ ತಲೆಬಿಸಿ ಇಲ್ಲ. ಅಚ್ಚು ತಿದ್ದಲು ಇನ್ನೂ 20 ಡಾಲರ್ ಕೇಳಿದರು, ಚರ್ಚೆ ಮಾಡಿ ಅದನ್ನು ಬಿಡಿಸಿದೆ.

ಇದೆಲ್ಲ ಆಗುವಾಗ ಡಿಸೆಂಬರ್ ಅರ್ಧ ಕಳೆದಿತ್ತು. ಚೀನಾದ ಹೊಸ ವರ್ಷ 2025ರಲ್ಲಿ ಜನವರಿ 29ಕ್ಕೆ. ಅದಕ್ಕೆ ಮೊದಲೇ ಕೆಲಸಗಾರರು ಊರಿಗೆ ಹೊರಟರೆ ಕಾರ್ಖಾನೆ ವಾರಗಟ್ಟಲೆ ಬಂದ್. ಹಾಗಾಗಿ 30% ಮುಂಗಡ ಕಳಿಸುವಾಗಲೇ "ಜನವರಿ 10ರೊಳಗೆ ಹೊರಡಬೇಕು" ಎಂದು ಪ್ರೊಫಾರ್ಮಾ ಇನ್ವಾಯ್ಸಿನಲ್ಲೇ (ಮುಂಗಡವಾಗಿ ಕೊಡುವ ಬಿಲ್ಲಿನಲ್ಲೇ) ಬರೆಸಿಕೊಂಡೆ. ಹಣ ಹೋದದ್ದು ಕಂಪೆನಿಯ ಹೆಸರಿನ ಖಾತೆಗೆ. ಯಾರಾದರೂ ನಡುವಿನಲ್ಲಿ "ಖಾತೆ ಬದಲಾಗಿದೆ" ಎಂದು ಮೆಸೇಜ್ ಮಾಡಿದರೆ ವಿಡಿಯೋ ಕಾಲ್ ಮಾಡಿ ಕೇಳದೆ ರೂಪಾಯಿ ಕಳಿಸಬಾರದು.

ಐಇಸಿ, ಅಂದರೆ ಆಮದು-ರಫ್ತಿಗೆ ಬೇಕಾದ ಕೋಡ್ ನಂಬರ್, ನನ್ನಲ್ಲಿ ಮೊದಲೇ ಇತ್ತು. ವಿದೇಶ ವ್ಯಾಪಾರದ ಸರಕಾರಿ ಇಲಾಖೆ ಡಿಜಿಎಫ್‌ಟಿಯ ಸೈಟಿನಲ್ಲಿ 500 ರೂಪಾಯಿಗೆ ಆಗುತ್ತದೆ. ಆದರೆ ಏನೂ ಬದಲಾಗದಿದ್ದರೂ ಪ್ರತಿವರ್ಷ ಏಪ್ರಿಲ್‌ನಿಂದ ಜೂನ್‌ನೊಳಗೆ ಒಮ್ಮೆ ಅಪ್‌ಡೇಟ್ ಮಾಡಬೇಕು, ಇಲ್ಲದಿದ್ದರೆ ಅದು ನಿಷ್ಕ್ರಿಯವಾಗುತ್ತದೆ. ಅದಕ್ಕಿಂತ ಜಾಸ್ತಿ ನೋವು ಕೊಟ್ಟದ್ದು ಕೆವೈಸಿ. ಹಿಂದೊಮ್ಮೆ ಪೆನ್ನು ತರಿಸಿದಾಗ ಕೊರಿಯರಿನವರು ಕೇಳಿದರೆಂದು ಸುಮ್ನೆ ಆಧಾರ್ ಕಳಿಸಿದ್ದೆ. ಬಿಲ್ ಆಫ್ ಎಂಟ್ರಿ (ಕಸ್ಟಮ್ಸಿನ ಆಮದು ಕಾಗದ) ನನ್ನ ಸ್ವಂತ ಹೆಸರಿಗೆ ಬಂತು, ಕಟ್ಟಿದ ಜಿಎಸ್‌ಟಿಯನ್ನು ಅಂಗಡಿಯ ತೆರಿಗೆಯಲ್ಲಿ ಕಳೆದುಕೊಳ್ಳುವ ಕ್ರೆಡಿಟ್ ಹೋಯಿತು. ಈ ಸಲ ಅಂಗಡಿಯ ಜಿಎಸ್‌ಟಿ ನಂಬರ್, ಐಇಸಿ ಎರಡನ್ನೂ ಮೊದಲೇ ಕೊಟ್ಟೆ. "ಡ್ಯೂಟಿ ಎಲ್ಲ ಸೇರಿ ಮನೆಬಾಗಿಲಿಗೆ" ಎಂಬ ಆಫರನ್ನೂ ಇದೇ ಕಾರಣಕ್ಕೆ ಬಿಟ್ಟೆ. ಅದರಲ್ಲಿ ಕಾಗದ ನಮ್ಮ ಹೆಸರಿಗೆ ಬರುವುದೇ ಅನುಮಾನ.

ಈಗ ಲೆಕ್ಕ. ಸಾಮಾನು, ಅಚ್ಚು, ಸುಮಾರು 19 ಕಿಲೋ ತೂಕದ ವಿಮಾನ ಕೊರಿಯರ್, ಎಲ್ಲ ಸೇರಿ 500 ಡಾಲರ್, ಅಂದರೆ 42,500 ರೂಪಾಯಿ. ಸುಂಕ ಹಾಕುವಾಗ ಸಾಗಾಟದ ಖರ್ಚೂ ಲೆಕ್ಕಕ್ಕೆ ಸೇರುತ್ತದೆ. ಸುಂಕದ ಮೇಲೆ 10% ಸರ್ಚಾರ್ಜ್, ಇವೆಲ್ಲದರ ಮೇಲೆ 18% ಐಜಿಎಸ್‌ಟಿ (ಆಮದಿಗೆ ಹಾಕುವ ಜಿಎಸ್‌ಟಿ). ಬ್ಯಾಂಕು, ಕೊರಿಯರಿನ ಚಿಲ್ಲರೆ ಶುಲ್ಕ ಸೇರಿ 57,000 ದಾಟಿತು. ಸ್ಕ್ರೀನಿನಲ್ಲಿ ಒಂದಕ್ಕೆ 60 ಸೆಂಟ್, ಅಂದರೆ 51 ರೂಪಾಯಿ ಕಂಡದ್ದು ಬದಿಯಡ್ಕಕ್ಕೆ ಬರುವಾಗ 114. ಐಜಿಎಸ್‌ಟಿ ಕ್ರೆಡಿಟ್ ಸಿಕ್ಕಿದ ಮೇಲೆ 97ಕ್ಕೆ ಇಳಿಯಿತು. ಮಾಷ್ಟ್ರಿಗೆ 125 ಎಂದು ಮೊದಲೇ ಹೇಳಿದ್ದರಿಂದ ಬಚಾವಾದೆ.

ಕೀಚೈನ್ ನೋಡಿದ ಒಬ್ಬರು ಕೊಡೆ ತರಿಸಿಕೊಡಿ ಎಂದರು. ನಮ್ಮ ಮಳೆಗೆ ಕೊಡೆಗಿಂತ ಒಳ್ಳೆ ಜಾಹೀರಾತು ಯಾವುದಿದೆ ಹೇಳಿ! ಆದರೆ 2022ರ ಬಜೆಟ್ಟಿನಲ್ಲಿ ಆಮದು ಕೊಡೆಯ ಸುಂಕ 20%ಕ್ಕೆ ಏರಿದೆ. ಆಲಪ್ಪುಳದಲ್ಲೇ ಕೊಡೆ ಮಾಡುವವರಿರುವಾಗ ಚೀನಾದವರೆಗೆ ಹೋಗಬೇಕಾ? ಪವರ್ ಬ್ಯಾಂಕನ್ನಂತೂ ಮುಟ್ಟಲೇ ಇಲ್ಲ, ಅದಕ್ಕೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ನೋಂದಣಿ ಬೇಕು.

ಪೆಟ್ಟಿಗೆಯಲ್ಲಿ 500ರ ಬದಲು 508 ಇತ್ತು. ಏಳರಲ್ಲಿ ಮಾವಿನ ಮರಕ್ಕೆ ಹಸಿರೇ ಹಾಕಿರಲಿಲ್ಲ. ಅಚ್ಚು ಇನ್ನೂ ಕಾರ್ಖಾನೆಯಲ್ಲೇ ಇದೆ. ಕಾರ್ಯಕ್ರಮಕ್ಕೆ ಬರಲಾಗದ ಗಲ್ಫಿನವರಿಗೆಂದು ಮಾಷ್ಟ್ರು ಇನ್ನೂ ನೂರು ಕೇಳುತ್ತಿದ್ದಾರೆ. ನೂರಕ್ಕಾದರೆ ಒಂದಕ್ಕೆ 1 ಡಾಲರ್ 10 ಸೆಂಟ್ ಅಂತೆ. ಹಸಿರಿಲ್ಲದ ಆ ಏಳನ್ನು ಸದ್ಯಕ್ಕೆ ಕೊಟ್ಟು ಕಳಿಸಿದ್ದೇನೆ.