ಸ್ಪ್ಯಾನಿಷ್ ಕ್ರಿಯಾಪದಕ್ಕೆ ಬಣ್ಣ: ಬಾಲಕ್ಕೆ ಮಾತ್ರ ಹಚ್ಚಿ

ಚಿಕ್ಕಮಗಳೂರಿನಲ್ಲೂ ಈಗ ಸ್ಪ್ಯಾನಿಷ್ ಕಲಿಯುವವರಿದ್ದಾರೆ. ಹೋಂಸ್ಟೇ ನಡೆಸುವವರು, ಹೊರದೇಶಕ್ಕೆ ಓದಲು ಹೊರಟವರು, ಕಾಫಿ ವ್ಯಾಪಾರದ ಮನೆಯ ಮಕ್ಕಳು. ಕಾಫಿ ಬೆಳೆಯುವ ಕೊಲಂಬಿಯಾ, ಹೊಂಡುರಾಸ್, ಪೆರು, ಮೆಕ್ಸಿಕೊದಲ್ಲಿ ಆಡುವುದು ಇದೇ ಭಾಷೆ ಅಲ್ವಾ? ಸಂಜೆ ಹೊತ್ತು ನಾನು ಇಂಥವರಿಗೆ ಪಾಠ ಹೇಳುತ್ತೇನೆ. ಬಣ್ಣ ಹಚ್ಚಿದರೆ ಬೇಗ ಬರುತ್ತದೆ ಎಂದು ಯಾರೋ ಹೇಳಿದ್ದು ಕೇಳಿ, ಇಡೀ ಪುಟಕ್ಕೆ ಹೈಲೈಟರ್ ಬಳಿದುಕೊಂಡು ಬರುವವರೇ ಜಾಸ್ತಿ. ಆದರೆ "ನಾವು ತಿನ್ನುತ್ತೇವೆ" ಎಂದು ಹೇಳಿಸಿದರೆ ಮಾತು ಹೊರಡುವುದಿಲ್ಲ. ಬಣ್ಣ ಬೀಳಬೇಕಾದ ಜಾಗದಲ್ಲಿ ಬಿದ್ದಿರುವುದಿಲ್ಲ, ಅಷ್ಟೇ.

ಮೊದಲು ಬಣ್ಣ ಆರಿಸಿ. ಐದೇ ಸಾಕು. ನಾನು: ಕೆಂಪು. ನೀನು: ತಿಳಿ ನೀಲಿ. ಅವನು, ಅವಳು, ಅದು: ಹಸಿರು. ನಾವು: ಕಂದು. ಅವರು: ನೇರಳೆ. ನೀಲಿ ತಿಳಿಯಾಗಿಯೇ ಇರಲಿ, ಇಲ್ಲದಿದ್ದರೆ ಟ್ಯೂಬ್‌ಲೈಟಿನ ಕೆಳಗೆ ನೇರಳೆಯಂತೆ ಕಾಣುತ್ತದೆ. ಸಾಧಾರಣ ಮರದ ಬಣ್ಣದ ಪೆನ್ಸಿಲ್ ತೆಗೆದುಕೊಳ್ಳಿ. ಅಗ್ಗದ ಹೈಲೈಟರ್ ಸೆಟ್ ಬೇಡವೇ ಬೇಡ. ಅದರ ಇಂಕು ತೆಳು ಹಾಳೆಯ ಹಿಂದಕ್ಕೆ ಇಳಿಯುತ್ತದೆ. ಜೆಲ್ ಪೆನ್ನಂತೂ ನಮ್ಮ ಮಳೆಗಾಲದಲ್ಲಿ ಹಾಳೆ ತಂಪು ಹಿಡಿದಾಗ ಹರಡಿಕೊಳ್ಳುತ್ತದೆ.

ಇನ್ನು ಎಲ್ಲರೂ ಎಡವುವ ಜಾಗ. ಬಣ್ಣ ಇಡೀ ಪದಕ್ಕಲ್ಲ, ಬಾಲಕ್ಕೆ, ಅಂದರೆ ಪದದ ಕೊನೆಯ ಭಾಗಕ್ಕೆ ಮಾತ್ರ. 'ತೊಮಾರ್' ಎಂದರೆ ಕುಡಿಯುವುದು. ತೋಮೊ, ತೋಮಾಸ್, ತೋಮಾ, ತೊಮಾಮೊಸ್, ತೋಮಾನ್: ನಾನು, ನೀನು, ಅವನು, ನಾವು, ಅವರು. ಬಾಲಕ್ಕಿಂತ ಮುಂಚಿನ ಭಾಗ, ಅಂದರೆ ಒಡಲು, ಎಲ್ಲದರಲ್ಲೂ ಒಂದೇ. ಯಾರು ಕುಡಿಯುತ್ತಾರೆ ಎನ್ನುವುದು ಬಾಲದಲ್ಲಿದೆ. ಇದು ನಮಗೆ ಹೊಸದಲ್ಲ. ಕುಡಿಯುತ್ತೇನೆ, ಕುಡಿಯುತ್ತೀಯ, ಕುಡಿಯುತ್ತೇವೆ ಎನ್ನುವಾಗ ನಾವೂ 'ನಾನು', 'ನಾವು' ಬಿಟ್ಟೇ ಮಾತಾಡುತ್ತೇವೆ. ಸ್ಪ್ಯಾನಿಷ್‌ನವರೂ ಹಾಗೆಯೇ.

ಒಂದು ಎಚ್ಚರಿಕೆ. ನಾನು ಇಲ್ಲಿ ಓದುವ ಅನುಕೂಲಕ್ಕೆ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ. ನೋಟ್‌ಬುಕ್ಕಿನಲ್ಲಿ ಹೀಗೆ ಬರೆಯಬೇಡಿ. 'ತೋಮೊ' ಎಂದು ಬರೆದರೆ ಬಾಲದ 'ಒ' ಹೋಗಿ 'ಮ'ಕ್ಕೆ ಅಂಟಿಕೊಳ್ಳುತ್ತದೆ. ಅದನ್ನೊಂದನ್ನೇ ಬೇರೆ ಮಾಡಿ ಬಣ್ಣ ಹಚ್ಚುವುದು ಹೇಗೆ? ಕೊನೆಗೆ ಇಡೀ 'ಮೊ' ಕೆಂಪಾಗುತ್ತದೆ, ಮಗು 'ಮೊ' ಎಂಬುದೇ ಬಾಲ ಎಂದುಕೊಳ್ಳುತ್ತದೆ. ಆಮೇಲೆ ಬೇರೆ ಕ್ರಿಯಾಪದಕ್ಕೂ ಅದನ್ನೇ ಜೋಡಿಸುತ್ತದೆ. ಸ್ಪ್ಯಾನಿಷ್ ಅಕ್ಷರದಲ್ಲೇ ಬರೆಸಿ. ಒಡಲು ಕಪ್ಪು ಪೆನ್ಸಿಲ್, ಬಾಲ ಬಣ್ಣದ ಪೆನ್ಸಿಲ್. ಬರೆದ ಮೇಲೆ ಬಣ್ಣ ಬಳಿಯುವುದು ಬೇಡ. ಬಾಲ ಬರೆಯುವ ಮುಂಚೆ ಕೈ ನಿಲ್ಲಬೇಕು, ಪೆನ್ಸಿಲ್ ಬದಲಾಗಬೇಕು. ಆ ಒಂದು ಕ್ಷಣದಲ್ಲಿ ಮಗು "ಯಾರು?" ಎಂದು ಯೋಚಿಸುತ್ತದೆ. ಇಡೀ ವಿಧಾನ ನಿಂತಿರುವುದು ಅದರ ಮೇಲೆ.

ಕ್ರಿಯಾಪದಗಳ ಮೂರು ಗುಂಪಿಗೆ, ಅಂದರೆ 'ಆರ್', 'ಏರ್', 'ಈರ್' ಎಂದು ಮುಗಿಯುವವಕ್ಕೆ, ಬೇರೆ ಬೇರೆ ಬಣ್ಣ ಕೊಡುವವರಿದ್ದಾರೆ. ಬೇಡ. ಬಣ್ಣ ವ್ಯಕ್ತಿಯನ್ನು ಮಾತ್ರ ತೋರಿಸಲಿ. ವರ್ತಮಾನ ಕಾಲದಲ್ಲಿ 'ಏರ್' ಮತ್ತು 'ಈರ್' ಗುಂಪುಗಳಿಗೆ ನಮ್ಮ ಐದು ರೂಪಗಳ ಪೈಕಿ 'ನಾವು' ರೂಪದಲ್ಲಿ ಮಾತ್ರ ವ್ಯತ್ಯಾಸ: ಕೊಮೇಮೊಸ್ (ತಿನ್ನುತ್ತೇವೆ), ಬಿಬೀಮೊಸ್ (ಬದುಕುತ್ತೇವೆ). ಮುಖ್ಯವಾಗಿ ಸ್ಪೇನ್‌ನಲ್ಲಿ ಬಳಸುವ 'ನೀವೆಲ್ಲ' ರೂಪವೂ ಬೇರೆ. ಅದನ್ನು ಶುರುವಿನಲ್ಲಿ ಬಿಟ್ಟುಬಿಡಿ.

ಒಡಲೇ ಬದಲಾಗುವ ಕ್ರಿಯಾಪದಗಳಿವೆ. 'ಪೊದೇರ್', ಅಂದರೆ ಆಗುವುದು, ಸಾಧ್ಯವಾಗುವುದು: ಪ್ವೇದೊ, ಪ್ವೇದೆಸ್, ಪ್ವೇದೆ, ಪೊದೇಮೊಸ್, ಪ್ವೇದೆನ್. ಬದಲಾದ ಅಕ್ಷರದ ಸುತ್ತ ಕಪ್ಪು ಚೌಕ ಎಳೆಯಿರಿ, ಹೊಸ ಬಣ್ಣ ತರಬೇಡಿ. 'ನಾವು' ರೂಪದಲ್ಲಿ ಚೌಕ ಇಲ್ಲ. ಅಲ್ಲಿ ಒತ್ತು ಬಾಲದ ಮೇಲೆ ಬೀಳುತ್ತದೆ, ಒಡಲು ಹಾಗೆಯೇ ಉಳಿಯುತ್ತದೆ. ಜೋರಾಗಿ ಓದಿಸಿ, ಕಿವಿಗೇ ಗೊತ್ತಾಗುತ್ತದೆ. ಸೋಯ್, ಎಸ್ತೋಯ್ (ಎರಡಕ್ಕೂ ಕನ್ನಡದಲ್ಲಿ 'ಇದ್ದೇನೆ'), ವೋಯ್ ('ಹೋಗುತ್ತೇನೆ') ಇಂಥ ಕ್ರಮ ತಪ್ಪಿದವನ್ನು ಬೇರೆ ಪುಟದಲ್ಲಿ ಬರೆದು ಬಾಯಿಪಾಠ ಮಾಡಿಸಿ.

ಈಗ ಮಾತುಕತೆ. ಪ್ರಶ್ನೆ, ಉತ್ತರಗಳನ್ನು ಚೀಟಿಯಲ್ಲಿ ಬರೆಯಿರಿ. "ಕ್ಯೇರೆಸ್ ಕಫೇ?" ಕಾಫಿ ಬೇಕಾ? ಬಾಲ ನೀಲಿ. ನಮ್ಮ ಮಕ್ಕಳು ತಕ್ಷಣ "ಸೀ, ಕ್ಯೇರೆಸ್" ಎನ್ನುತ್ತಾರೆ ('ಸೀ' ಎಂದರೆ ಹೌದು). ಕಾರಣ ಇದೆ. "ಬೇಕಾ?" ಎಂದರೆ ನಾವು "ಬೇಕು" ಎನ್ನುತ್ತೇವೆ. ಯಾರಿಗೆ ಬೇಕಾದರೂ 'ಬೇಕು' ಬದಲಾಗುವುದಿಲ್ಲ. ಸ್ಪ್ಯಾನಿಷ್‌ನಲ್ಲಿ ನೀಲಿ ಕೇಳಿದರೆ ಕೆಂಪು ಹೇಳಬೇಕು: "ಸೀ, ಕ್ಯೇರೊ." ಕೇಳುವವರು ನೀಲಿ ಪೆನ್ಸಿಲ್ ಹಿಡಿಯಲಿ, ಉತ್ತರಿಸುವವರು ಕೆಂಪು ಎತ್ತಿ ತೋರಿಸಿ ಹೇಳಲಿ. ಈ ಆಟ ಚೆನ್ನಾಗಿ ರೂಢಿಯಾಗುವ ತನಕ ಮುಂದೆ ಹೋಗಬೇಡಿ.

ಹೋಂಸ್ಟೇಯವರಿಗೆ ಇನ್ನೊಂದು ಮಾತು. ಹಿರಿಯ ಅತಿಥಿಯನ್ನು ನಾವು ಬಹುವಚನದಲ್ಲಿ ಮಾತಾಡಿಸುತ್ತೇವೆ. ಹಾಗಾಗಿ ಸ್ಪ್ಯಾನಿಷ್‌ನಲ್ಲೂ ನೇರಳೆ ಬಾಲ ಹಾಕುವವರಿದ್ದಾರೆ. ಅದು ತಪ್ಪು. ಒಬ್ಬರಿಗೆ ಮರ್ಯಾದೆ ಕೊಡುವ 'ಉಸ್ತೇದ್'ಗೆ ಹಸಿರು ಬಾಲ: "ಕ್ಯೇರೆ ಕಫೇ?" ಅತಿಥಿಗಳು ಇಬ್ಬರು, ಮೂವರಿದ್ದರೆ ನೇರಳೆ: "ಕ್ಯೇರೆನ್ ಕಫೇ?"

'ಇಷ್ಟ' ಹೇಳುವುದು ಮಾತ್ರ ಕನ್ನಡದವರಿಗೆ ಸಲೀಸು. "ಮೆ ಗುಸ್ತಾ ಎಲ್ ಕಫೇ" ಎಂದರೆ ನನಗೆ ಕಾಫಿ ಇಷ್ಟ. ಇಂಗ್ಲಿಷ್ ಮೂಲಕ ಕಲಿತವರು ಇಲ್ಲಿ ಕೆಂಪು ಬಾಲ ಹಾಕಿ "ಗುಸ್ತೊ" ಎನ್ನುತ್ತಾರೆ. ಇಷ್ಟವಾಗುತ್ತಿರುವುದು ಕಾಫಿ, ಆದ್ದರಿಂದ ಹಸಿರು. ನೇರವಾಗಿ ಕನ್ನಡದಿಂದಲೇ ಕಲಿಸಿ.

ರೂಢಿಯಾದ ಮೇಲೆ ಬಣ್ಣಗಳ ಬಳಕೆಯನ್ನು ಒಂದೊಂದಾಗಿ ನಿಲ್ಲಿಸಿ. ಮೊದಲು ಕೆಂಪು, ಏಕೆಂದರೆ 'ನಾನು' ರೂಪವೇ ಹೆಚ್ಚು ಬಾಯಿಗೆ ಬಂದಿರುತ್ತದೆ. 'ನಾವು' ಕೊನೆಗೆ. ಕೆಂಪು, ಹಸಿರು ಬೇರೆ ಮಾಡಿ ನೋಡಲಾಗದ ಮಕ್ಕಳು ಇರುತ್ತಾರೆ, ಹುಡುಗರಲ್ಲಿ ಇದು ಜಾಸ್ತಿ. ಅವರಿಗೆ ಕೆಂಪಿನ ಕೆಳಗೆ ಒಂದು ಗೆರೆ, ಹಸಿರಿನ ಕೆಳಗೆ ಎರಡು ಗೆರೆ ಹಾಕಿಕೊಡಿ.