ಸಿಬ್ಬಂದಿಯೇ ಇಲ್ಲದ ಶಿಮೊನಾದಾ ಸ್ಟೇಷನ್ನಿಗೆ ಹೋಗಿ ಬರುವುದು ಹೇಗೆ?

ಟಿಕೆಟ್ ಕೌಂಟರ್ ಇಲ್ಲ, ಗೇಟಿಲ್ಲ, ಸ್ಟೇಷನ್ ಮಾಸ್ಟರ್ ಇಲ್ಲ. ಒಂದೇ ಒಂದು ಪ್ಲಾಟ್‌ಫಾರಂ, ಅದರ ಮೇಲೊಂದು ಪುಟ್ಟ ಚಾವಣಿ, ಕೂರಲು ಬೆಂಚು, ಎದುರಿಗೆ ಸಮುದ್ರ. ಜಪಾನಿನ ಶಿಕೊಕು ದ್ವೀಪದಲ್ಲಿ, ಎಹಿಮೆ ಪ್ರಾಂತ್ಯದ ಕರಾವಳಿಯಲ್ಲಿರುವ ಶಿಮೊನಾದಾ ಸ್ಟೇಷನ್ ಅಂದರೆ ಇಷ್ಟೇ. 1935ರಲ್ಲಿ ಶುರುವಾದ ಈ ಸ್ಟೇಷನ್, ‘ಸೇಶುನ್ 18’ ಎಂಬ ಅಗ್ಗದ ರೈಲು ಟಿಕೆಟ್ಟಿನ ಪೋಸ್ಟರುಗಳಲ್ಲಿ ಕಾಣಿಸಿಕೊಂಡ ಮೇಲೆ ದೇಶಕ್ಕೆಲ್ಲ ಪರಿಚಯವಾಯಿತು. ಬುಲೆಟ್ ರೈಲು ಹತ್ತುವುದು ದೊಡ್ಡ ವಿಷಯವಲ್ಲ, ಅಲ್ಲಿ ಹೆಜ್ಜೆಹೆಜ್ಜೆಗೂ ಇಂಗ್ಲಿಷ್ ಫಲಕ ಇರುತ್ತದೆ. ಹೊಸಬರು ತಬ್ಬಿಬ್ಬಾಗುವುದು ಇಂಥ ಹಳ್ಳಿ ಸ್ಟೇಷನ್ನುಗಳಲ್ಲೇ.

ಮೊದಲು ನೋಡಬೇಕಾದ್ದು ವಾಪಸ್ ರೈಲು

ಹೋಗುವ ರೈಲಲ್ಲ, ಬರುವ ರೈಲು. ಹಗಲಿನಲ್ಲಿ ಎರಡು ರೈಲುಗಳ ನಡುವೆ ಗಂಟೆಗಟ್ಟಲೆ ಅಂತರ ಇರುವುದುಂಟು, ರಾತ್ರಿಯ ಕೊನೆಯ ರೈಲು ತಪ್ಪಿದರೆ ಕರೆದು ಕೇಳಲು ಅಲ್ಲಿ ಯಾರೂ ಇರುವುದಿಲ್ಲ. ಸೂರ್ಯಾಸ್ತಕ್ಕೆಂದೇ ಹೋಗುವವರು ಇನ್ನೊಂದು ಲೆಕ್ಕ ಹಾಕಿಕೊಳ್ಳಬೇಕು. ಜೂನ್‌ನಲ್ಲಿ ಸೂರ್ಯ ಮುಳುಗುವುದು ಸಂಜೆ ಏಳೂಕಾಲು ದಾಟಿದ ಮೇಲೆ, ಡಿಸೆಂಬರ್‌ನಲ್ಲಿ ಐದರ ಆಸುಪಾಸಿಗೇ. ಅದಾದ ಮೇಲೆ ಬರುವ ರೈಲಿನ ಹೊತ್ತನ್ನು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಳ್ಳಿ. ಫೋನಿನ ಬ್ಯಾಟರಿ ನಂಬಬೇಡಿ.

ಸರಿಯಾದ ರೈಲು ಹತ್ತಿ

ಹೊರಡುವುದು ಮತ್ಸುಯಾಮಾ ನಗರದಿಂದ. ಮುಖ್ಯ ದ್ವೀಪದ ಒಕಾಯಾಮಾ ನಗರದಿಂದ ‘ಶಿಯೊಕಾಜೆ’ ಎಕ್ಸ್‌ಪ್ರೆಸ್‌ನಲ್ಲಿ, ಸೆಟೊ ಮಹಾಸೇತುವೆ ದಾಟಿ, ಸುಮಾರು ಎರಡೂಮುಕ್ಕಾಲು ಗಂಟೆಯಲ್ಲಿ ಇಲ್ಲಿಗೆ ಬಂದುಬಿಡಬಹುದು. ಇಲ್ಲಿಂದ ಮುಂದೆ ಮೋಸ ಹೋಗುವ ಜಾಗ ಒಂದಿದೆ. 1986ರಲ್ಲಿ ಉಚಿಕೊ ಊರಿನ ಮೂಲಕ ಒಳದಾರಿ ತೆರೆದ ಮೇಲೆ ಎಕ್ಸ್‌ಪ್ರೆಸ್ ರೈಲುಗಳೆಲ್ಲ ಅತ್ತಲೇ ಓಡುತ್ತವೆ. ಸಮುದ್ರದಂಚಿನ ಹಳೆಯ ದಾರಿಗೆ ಉಳಿದದ್ದು ಸಾದಾ ಲೋಕಲ್ ರೈಲುಗಳು ಮತ್ತು ಪ್ರವಾಸಿಗರಿಗಾಗಿ ಓಡುವ ‘ಇಯೊನಾದಾ ಮೊನೊಗಾತಾರಿ’. ಆದ್ದರಿಂದ ರೈಲು ಈ ಹಳೆಯ ದಾರಿಯಲ್ಲಿ, ಅಂದರೆ ‘ಇಯೊ-ನಾಗಾಹಾಮಾ ಮಾರ್ಗವಾಗಿ’ ಹೋಗುತ್ತದೆಯೇ ಎಂದು ಮತ್ಸುಯಾಮಾದಲ್ಲೇ ಕೇಳಿ ಖಾತ್ರಿ ಮಾಡಿಕೊಳ್ಳಿ. ಲೋಕಲ್‌ನಲ್ಲಿ ಸುಮಾರು ಒಂದು ಗಂಟೆಯ ದಾರಿ. ಇಯೊಶಿ ಸ್ಟೇಷನ್ ದಾಟಿದರೆ ಮೇಲೆ ವಿದ್ಯುತ್ ತಂತಿಯೂ ಇಲ್ಲ. ಅಲ್ಲಿ ಓಡುವುದು ಡೀಸೆಲ್ ಬಂಡಿ, ಎಷ್ಟೋ ಸಲ ಒಂದೇ ಬೋಗಿ. ಆ ಹಳೆಯ ಬೋಗಿಗಳಲ್ಲಿ ಶೌಚಾಲಯ ಇಲ್ಲದಿರುವುದೂ ಉಂಟು, ಹತ್ತುವ ಮೊದಲೇ ಮುಗಿಸಿಕೊಳ್ಳಿ. ತಿನ್ನಲು ಬೇಕಾದ್ದನ್ನೂ ಮತ್ಸುಯಾಮಾದಲ್ಲೇ ಕಟ್ಟಿಕೊಳ್ಳಿ. ಸಸ್ಯಾಹಾರಿಗಳಿಗೆ ಹಣ್ಣು, ಮನೆಯಿಂದ ತಂದ ಚಟ್ನಿಪುಡಿ ಮತ್ತು ಬ್ರೆಡ್ಡೇ ಗತಿ. ಅನ್ನದುಂಡೆ ನೋಡಲು ಸಾಧುವಾಗಿದ್ದರೂ ಒಳಗೆ ಮೀನು ಅಡಗಿರುವುದು ಹೆಚ್ಚು.

ಕೂರುವುದು ಬಲಗಡೆ. ಸಮುದ್ರ ಇರುವುದು ಆ ಕಡೆ.

ಹಿಂದಿನಿಂದ ಹತ್ತಿ, ಮುಂದಿನಿಂದ ಇಳಿಯಿರಿ

ಈ ರೈಲುಗಳಿಗೆ ಜಪಾನಿನಲ್ಲಿ ‘ವಾನ್‌ಮಾನ್’ ಎನ್ನುತ್ತಾರೆ. ಡ್ರೈವರ್ ಒಬ್ಬನೇ, ಕಂಡಕ್ಟರ್ ಕೆಲಸವೂ ಅವನದೇ. ಸಣ್ಣ ಸ್ಟೇಷನ್ನಿನಲ್ಲಿ ಹತ್ತುವವರು ಹಿಂದಿನ ಬಾಗಿಲಿನಿಂದ ಹತ್ತಬೇಕು. ಒಳಗೆ ಕಾಲಿಟ್ಟ ಕೂಡಲೇ ಒಂದು ಪೆಟ್ಟಿಗೆಯಿಂದ ಬೆರಳಗಲದ ಚೀಟಿ ನಾಲಿಗೆ ಚಾಚಿಕೊಂಡಿರುತ್ತದೆ, ಎಳೆದುಕೊಳ್ಳಿ. ಹೆಸರು ‘ಸೇರಿಕೆನ್’. ಅದರ ಮೇಲೆ ಒಂದು ಅಂಕಿ ಇರುತ್ತದೆ, ನೀವು ಎಲ್ಲಿ ಹತ್ತಿದಿರಿ ಎಂಬುದಕ್ಕೆ ಅದೇ ಸಾಕ್ಷಿ. ಡ್ರೈವರ್ ತಲೆಯ ಮೇಲಿನ ಫಲಕದಲ್ಲಿ ಆ ಅಂಕಿಯ ಕೆಳಗೆ ದರ ಕಾಣುತ್ತದೆ, ಸ್ಟೇಷನ್ ದಾಟಿದಂತೆ ಏರುತ್ತದೆ. ಇಳಿಯುವಾಗ ಡ್ರೈವರ್ ಪಕ್ಕದ ಡಬ್ಬಿಗೆ ಚೀಟಿಯನ್ನೂ ಅಷ್ಟೇ ಹಣವನ್ನೂ ಹಾಕಬೇಕು. ಡಬ್ಬಿ ಚಿಲ್ಲರೆ ಮರಳಿಸುವುದಿಲ್ಲ. ಮೊದಲು ಅದರಲ್ಲೇ ಇರುವ ಯಂತ್ರದಿಂದ ನೋಟು ಮುರಿಸಿಕೊಳ್ಳಬೇಕು, ಆಮೇಲೆ ಎಣಿಸಿ ಹಾಕಬೇಕು.

ಮೊದಲ ಸಲ ಇಂಥದೊಂದು ರೈಲಿನಲ್ಲಿ ನನ್ನ ಬಳಿ ಇದ್ದದ್ದು 10,000 ಯೆನ್‌ನ ನೋಟು ಮಾತ್ರ. ಯಂತ್ರ ತೆಗೆದುಕೊಳ್ಳುವುದು 1,000ದ ನೋಟು. ರೈಲು ನಿಂತಿದೆ, ಡ್ರೈವರ್ ಸುಮ್ಮನೆ ಕಾಯುತ್ತಿದ್ದಾನೆ, ನನ್ನ ಕಿವಿ ಬಿಸಿಯಾಗುತ್ತಿದೆ. ಕೊನೆಗೆ ಮುಂದಿನ ಸೀಟಿನ ಅಜ್ಜಿಯೊಬ್ಬರು ಪರ್ಸ್ ತೆಗೆದು ಹತ್ತು ನೋಟು ಎಣಿಸಿಕೊಟ್ಟರು. ಅಂದಿನಿಂದ ಸಾವಿರದ ನೋಟು, ನೂರರ ನಾಣ್ಯ ಬೇರೆಯಾಗಿಯೇ ಇಟ್ಟುಕೊಳ್ಳುತ್ತೇನೆ. ಟೋಕಿಯೊದಲ್ಲಿ ಬಳಸಿದ ಕಾರ್ಡನ್ನು ಇಲ್ಲಿ ನೆಚ್ಚಿಕೊಳ್ಳಬೇಡಿ, ಶಿಮೊನಾದಾದಲ್ಲಿ ಅದನ್ನು ತಾಗಿಸಲು ಯಂತ್ರವೇ ಇಲ್ಲ. ಮತ್ಸುಯಾಮಾದಲ್ಲಿ ಕಾಗದದ ಟಿಕೆಟ್ ಕೊಂಡಿದ್ದರೆ ಇಳಿಯುವಾಗ ಅದನ್ನೇ ಡ್ರೈವರ್‌ಗೆ ಕೊಟ್ಟರಾಯಿತು. ರೈಲ್ ಪಾಸ್ ಇದ್ದವರು ತೋರಿಸಿದರೆ ಸಾಕು.

ಎರಡೇ ಅಕ್ಷರ ಕಲಿಯಿರಿ

ಜಪಾನಿ ಬಾರದಿದ್ದರೂ ಎರಡು ಅಕ್ಷರ ಗುರುತಿಸಿದರೆ ಇಲ್ಲಿ ಕೆಲಸ ನಡೆಯುತ್ತದೆ. ‘ಕೆಳಗೆ’ ಎನ್ನುವ ಅಕ್ಷರಕ್ಕೆ ತಲೆಯ ಮೇಲೆ ಅಡ್ಡಗೆರೆ, ಅದರಿಂದ ಜೋತುಬಿದ್ದ ಕಂಬ, ಬಲಕ್ಕೊಂದು ಸಣ್ಣ ಗೀಟು. ‘ಮೇಲೆ’ ಎನ್ನುವುದಕ್ಕೆ ಅಡ್ಡಗೆರೆ ಬುಡದಲ್ಲಿ, ಕಂಬ ಅದರ ಮೇಲೆ. ಶಿಮೊನಾದಾ ಹೆಸರು ಶುರುವಾಗುವುದು ‘ಕೆಳಗೆ’ ಅಕ್ಷರದಿಂದ. ಅದಕ್ಕಿಂತ ಒಂದು ಸ್ಟೇಷನ್ ಮೊದಲು ಬರುವ ಇಯೊ-ಕಾಮಿನಾದಾದಲ್ಲಿ ‘ಮೇಲೆ’ ಅಕ್ಷರ ಇದೆ. ಅದು ಕಂಡರೆ ಬ್ಯಾಗು ಹೆಗಲಿಗೇರಿಸಿ.

ವೇಳಾಪಟ್ಟಿಯಲ್ಲೂ ಇವೇ ಎರಡು ಅಕ್ಷರ. ನಮ್ಮಲ್ಲಿ ಅಪ್, ಡೌನ್ ಎನ್ನುವಂತೆ ಅಲ್ಲಿ ‘ನೊಬೊರಿ’, ‘ಕುದಾರಿ’. ‘ಮೇಲೆ’ ಅಕ್ಷರದ ಸಾಲಿನಲ್ಲಿರುವುದು ಮತ್ಸುಯಾಮಾಕ್ಕೆ ಮರಳುವ ರೈಲುಗಳು. ಹಳಿ ಒಂದೇ, ಪ್ಲಾಟ್‌ಫಾರಂ ಒಂದೇ. ಎರಡೂ ದಿಕ್ಕಿನ ರೈಲು ಅಲ್ಲಿಗೇ ಬಂದು ನಿಲ್ಲುತ್ತದೆ. ಬಂದದ್ದನ್ನೆಲ್ಲ ಹತ್ತಿದರೆ ನಾಗಾಹಾಮಾ ಕಡೆಗೆ ಹೋಗಿಬಿಡುತ್ತೀರಿ.

ಅಲ್ಲಿ ಏನು ಮಾಡುವುದು?

ಕೂರುವುದು. ಸಮುದ್ರಕ್ಕೂ ಸ್ಟೇಷನ್ನಿಗೂ ನಡುವೆ ಈಗ ಹೆದ್ದಾರಿ ಇದೆ, ಮೊದಲಿನಂತೆ ಅಲೆ ಕಾಲಬುಡಕ್ಕೆ ಬರುವುದಿಲ್ಲ. ಆದರೂ ಬೆಂಚಿನಲ್ಲಿ ಕೂತರೆ ರಸ್ತೆ ಕೆಳಗೆ ಮರೆಯಾಗಿ ನೀರೊಂದೇ ಕಾಣುತ್ತದೆ. ಫೋಟೊಕ್ಕಾಗಿ ಹಳಿಗೆ ಇಳಿಯಬೇಡಿ. ಒಬ್ಬರೇ ಬೆಂಚು ಹಿಡಿದು ಅರ್ಧ ಗಂಟೆ ಪೋಸು ಕೊಡುವುದೂ ಬೇಡ, ಹಿಂದೆ ಸಾಲು ನಿಂತಿರುತ್ತದೆ. ಕಸ ನಿಮ್ಮ ಚೀಲದಲ್ಲೇ ವಾಪಸ್ ಬರಲಿ.

ಸೂರ್ಯ ಮುಳುಗಿದ ಐದೇ ನಿಮಿಷಕ್ಕೆ ಕಾರಿನಲ್ಲಿ ಬಂದವರೆಲ್ಲ ಹೊರಟುಬಿಡುತ್ತಾರೆ. ಆಕಾಶದ ನಿಜವಾದ ಬಣ್ಣ ಶುರುವಾಗುವುದು ಆಮೇಲೆ. ನಿಮ್ಮ ರೈಲು ಬಂದಾಗ ಹಿಂದಿನ ಬಾಗಿಲಲ್ಲಿ ಹತ್ತಿ, ಚೀಟಿ ಎಳೆದುಕೊಳ್ಳಿ. ಮತ್ಸುಯಾಮಾದ ಗೇಟಿನಲ್ಲಿ ಸಿಬ್ಬಂದಿಗೆ ಅದನ್ನು ತೋರಿಸಿ ಹಣ ಕೊಟ್ಟರೆ ಆಯಿತು. ಈ ಸಲ ಕೂರುವುದು ಎಡಗಡೆ.