ಎರೆ ಮಣ್ಣಿನ ಉಪ್ಪು ನನ್ನ ಕಾಂಪೌಂಡ್ ಕಂಬ ತಿಂದಿದ್ದು

ಸಿಂಧನೂರು ಕಡೆ ನಮ್ಮದು ಎರೆ ಭೂಮಿ, ಕಾಲುವೆ ನೀರು ಬಂದ ಮೇಲೆ ಎಷ್ಟೋ ಹೊಲ ಸವಳಾಗಿವೆ. ಅಂಥದ್ದೇ ಒಂದು ಹೊಲದ ಪಕ್ಕ ಗೋಡೌನ್ ಕಟ್ಟಿಸಿ ಸುತ್ತ ಕಾಂಪೌಂಡ್ ಹಾಕಿಸಿದೆ. ಓದಿದ್ದು ಸಿವಿಲ್, ಆದರೂ ನೆಲದ ನೀರು ಪರೀಕ್ಷೆ ಮಾಡಿಸಲಿಲ್ಲ.

ಆರನೇ ವರ್ಷಕ್ಕೆ ಕಂಬಗಳ ಬುಡದಲ್ಲಿ, ಮಣ್ಣಿಗಿಂತ ಅರ್ಧ ಅಡಿ ಮೇಲೆ, ಬಿಳಿ ಪುಡಿ ಕಾಣಿಸಿತು. ಗಿಲಾವ್ ಉಬ್ಬಿ ಉದುರಿತು. "ಸಿಮೆಂಟ್ ಸರಿ ಇದ್ದಿಲ್ರಿ ಸರ್, ಇನ್ನೊಂದು ಕೈ ಗಿಲಾವ್ ಹೊಡಿಯೋಣ್ರಿ" ಅಂದ ಗೌಂಡಿ. ಹೊಡೆಸಿದೆ. ಎರಡು ಮಳೆಗಾಲವೂ ಬಾಳಲಿಲ್ಲ.

ಆಮೇಲೆ ಒಂದು ಕಂಬದ ಬುಡ ಎರಡಡಿ ಅಗೆಸಿದೆ. ಬೈಕ್ ಕೀಲಿಯಿಂದ ಕೆರೆದರೆ ಮೇಲಿನ ಒಂದಿಂಚು ಕಾಂಕ್ರೀಟ್ ನೆನೆದ ಸೀಮೆಸುಣ್ಣದ ಹಾಗೆ ಬರುತ್ತಿತ್ತು. ಗುಂಡಿಯಲ್ಲಿ ಒಸರಿದ ನೀರನ್ನು ಲ್ಯಾಬ್‌ಗೆ ಒಯ್ದೆ. ಹೈಡ್ರೋಕ್ಲೋರಿಕ್ ಆಸಿಡ್ ಎರಡು ಹನಿ, ಮೇಲೆ ಬೇರಿಯಂ ಕ್ಲೋರೈಡ್ ಹಾಕಿದ್ದೇ ತಡ, ನೀರು ಹಾಲಿನ ಹಾಗಾಯ್ತು, ಅಂದರೆ ಸಲ್ಫೇಟ್ ಎಂಬ ಉಪ್ಪಿನ ಅಂಶ ಇದೆ ಅಂತ. ಅಳೆದಾಗ ಸಲ್ಫೇಟ್ ಲೀಟರಿಗೆ 1,200 ಮಿಲಿಗ್ರಾಂ ದಾಟಿತ್ತು.

ಸುಮ್ನೆ ಸಿಮೆಂಟ್ ಕಂಪನಿಯನ್ನು ಬೈದಿದ್ದೆವು. ಸಿಮೆಂಟಿನಲ್ಲಿ ಟ್ರೈಕ್ಯಾಲ್ಸಿಯಂ ಅಲ್ಯುಮಿನೇಟ್ ಅಂತ ಇರುತ್ತದೆ. ಕಾಂಕ್ರೀಟ್ ಗಟ್ಟಿಯಾದ ಮೇಲೆ ಅದರಿಂದಾದ ಪದಾರ್ಥಕ್ಕೆ ಹೊರಗಿನ ಸಲ್ಫೇಟ್ ಸೇರಿದರೆ ಎಟ್ರಿಂಜೈಟ್ ಎಂಬ ಸೂಜಿಯಂಥ ಹರಳು ಬೆಳೆಯುತ್ತದೆ, ಒಳಗೆ ಅದಕ್ಕೆ ಜಾಗ ಎಲ್ಲಿದೆ? ಸೀಳಿಕೊಂಡೇ ಬೆಳೆಯುತ್ತದೆ. ಸುಣ್ಣದ ಅಂಶ ಜಿಪ್ಸಂ ಆಗಿ ಮೆತ್ತಗಾಗುತ್ತದೆ. ಮೆಗ್ನೀಸಿಯಂ ಸಲ್ಫೇಟ್ ಆದರಂತೂ ಜಲ್ಲಿ, ಮರಳನ್ನು ಹಿಡಿದಿಟ್ಟ ಅಂಟನ್ನೇ ತಿನ್ನುತ್ತದೆ.

ಕೆಟ್ಟ ಕಂಬಗಳನ್ನು ಒಡೆಸಿ ಹೊಸದಾಗಿ ಎಬ್ಬಿಸಿದೆ. ಸಲ್ಫೇಟ್ ನಿರೋಧಕ ಸಿಮೆಂಟ್ ತರೋಣ ಅಂತಿದ್ದೆ, ಆದರೆ ನಮ್ಮ ನೀರಲ್ಲಿ ಕ್ಲೋರೈಡೂ ಜಾಸ್ತಿ ಇತ್ತು. ಆ ಸಿಮೆಂಟ್ ಕ್ಲೋರೈಡನ್ನು ಹಿಡಿದಿಡುವುದು ಕಡಿಮೆ, ಕಬ್ಬಿಣಕ್ಕೆ ತುಕ್ಕು ಬೇಗ. ಅದಕ್ಕೆ ಸ್ಲ್ಯಾಗ್ ಸಿಮೆಂಟ್ (ಉಕ್ಕಿನ ಕಾರ್ಖಾನೆಯ ಕಿಟ್ಟ ಬೆರೆಸಿದ್ದು) ತಂದೆ. ಕಾಂಕ್ರೀಟಿನ ಭಾರತೀಯ ಮಾನದಂಡ ಐಎಸ್ 456 ಪ್ರಕಾರ ಘನಮೀಟರ್ ಕಾಂಕ್ರೀಟಿಗೆ 350 ಕೆಜಿ ಸಿಮೆಂಟ್, ನೀರು-ಸಿಮೆಂಟ್ ಅನುಪಾತ 0.45. ಅಂದರೆ 50 ಕೆಜಿ ಚೀಲಕ್ಕೆ 22 ಲೀಟರ್ ಚಿಲ್ಲರೆ, ಹಸಿ ಮರಳಿನ ನೀರೂ ಅದರಲ್ಲೇ. "ಇಷ್ಟ ನೀರಾಗ ಕಲಸಾಕ ಬರಂಗಿಲ್ರಿ" ಅಂತ ಗೌಂಡಿ ಜಗಳ. ಕಡಿಮೆ ನೀರಲ್ಲೂ ಕಲಸಲು ಬರುವಂತೆ ಮಾಡುವ ಪ್ಲಾಸ್ಟಿಸೈಸರ್ ದ್ರಾವಣ ಹಾಕಿಸಿ, ಬಕೆಟ್ ನಾನೇ ಹಿಡಿದು ನಿಂತೆ. ನನ್ನ ಪ್ರಕಾರ ಯಾವ ಸಿಮೆಂಟ್ ಅನ್ನೋದಕ್ಕಿಂತ ಆ ಬಕೆಟ್ಟೇ ದೊಡ್ಡದು, ನೀರು ಜಾಸ್ತಿಯಾದಷ್ಟೂ ಉಪ್ಪು ಇಳಿಯೋಕೆ ದಾರಿ ಜಾಸ್ತಿ. ಕ್ಯೂರಿಂಗ್‌ಗೆ ಟ್ಯಾಂಕರ್ ಸಿಹಿನೀರು, 14 ದಿನ ಗೋಣಿಚೀಲ. (ಮೊದಲ ಸಲ ಬೋರ್ ನೀರೇ ಹೊಡೆದಿದ್ದೆವು, ಅದೂ ಉಪ್ಪೇ!) ಮಣ್ಣೊಳಗಿನ ಭಾಗಕ್ಕೆ ಬಿಟುಮೆನ್ ಬಳಿಸಿ, ಗೋಡೆ ಉದ್ದಕ್ಕೂ ಜಲ್ಲಿ ತುಂಬಿದ ಚರಂಡಿ ಮಾಡಿಸಿದೆ.

ಈಗ ನಾಲ್ಕು ವರ್ಷ. ಹೊಸ ಕಂಬಕ್ಕೆ ಕೀಲಿ ಗೀಚಿದರೆ ಗೆರೆ ಮಾತ್ರ ಬೀಳುತ್ತದೆ. ಚರಂಡಿ ಹೂಳು ತುಂಬಿದ ಮೂಲೆಯ ಕಂಬದಲ್ಲಿ ಮಾತ್ರ ಮತ್ತೆ ಬಿಳಿ ಕಾಣುತ್ತಿದೆ, ಈ ಬೇಸಿಗೆಯಲ್ಲಿ ಅಲ್ಲಿ ಅಗೆಸಬೇಕು.